ಸಾಕ್ಷಿ ಪೈ ತಿಂದವರು

ನಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಅಂಗಳ. ಬೇಸಿಗೆ ಬೆಳೆಯ ಭತ್ತ ಇನ್ನೂ ಬಂದಿರಲಿಲ್ಲ, ಹಾಗಾಗಿ ಭತ್ತ ಒಣಗಿಸುವ ಸಿಮೆಂಟಿನ ಕಣ ಖಾಲಿ ಇತ್ತು. ಅಲ್ಲಿಯೇ ಶಾಮಿಯಾನ ಹಾಕಿದ್ದರು. ಕಣದ ಮೂಡಣ ಅಂಚಿನಲ್ಲಿ ಚೀಲ ತೂಗುವ ಕಾಟಾ ಇತ್ತು. ಅದಕ್ಕೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ನನ್ನ ಬಲಕ್ಕೆ ರಾರಾವಿಯ ಹುಲಿಗೆಮ್ಮ, ನಮಗೆ ಮೀನು ತಂದುಕೊಡುವವಳು. ಎಡಕ್ಕೆ ನಮ್ಮ ಟೆಂಪೊ ಓಡಿಸುವ ಖಾಜಾ. ಭಾನುವಾರ ಮಧ್ಯಾಹ್ನ, ಎರಡನೆಯ ಪಂಕ್ತಿ ಎದ್ದು ಮೂರನೆಯದಕ್ಕೆ ಎಲೆ ಹಾಸುತ್ತಿದ್ದ ಹೊತ್ತು.

ಅಲ್ಲಿಂದ ನಾನು ಕಂಡದ್ದು ಇದು: ಉಂಡೆದ್ದ ಜನ ಒಬ್ಬರ ಹಿಂದೆ ಒಬ್ಬರು ಓಡಿಹೋಗಿ, ಹೊಟ್ಟಿನ ಚೀಲಗಳ ಹಿಂದೆ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದರು. ಅವರು ತಿಂದಿದ್ದು ನಾನು ಬೇಯಿಸಿದ ಮೀನಿನ ಪೈ.

ಬೇಕರಿ ಕೆಲಸಕ್ಕೆ ಹೊಸದಾಗಿ ಬರುವವರು ನನ್ನ ಹತ್ತಿರ ಬಂದು, "ಬಸಣ್ಣ, ನಿಮ್ಮ ಅನುಭವ ಹೇಳ್ರಿ" ಅನ್ನುತ್ತಾರೆ. ಅವರಿಗೆ ಬೇಕಾಗಿರುವುದು ಅಳತೆ, ಬಿಸಿ, ಹೊತ್ತು. ಅವೆಲ್ಲ ಈಗ ಮೊಬೈಲಿನಲ್ಲಿವೆ. ಮೊಬೈಲಿನಲ್ಲಿ ಇಲ್ಲದ್ದನ್ನು ಬರೆಯುತ್ತೇನೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯುತ್ತೇನೆ. ಆ ಮಧ್ಯಾಹ್ನ ನೆನಪಾದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಹೆದರಿಕೆಯಿಂದ ಎಷ್ಟೋ, ಖುಷಿಯಿಂದಲೂ ಅಷ್ಟೇ.

ನನ್ನ ಊರು ಕುರುಗೋಡು. ನಮ್ಮದು ಶೈವರ ಮನೆ. ಮೀನು ಹಾಗಿರಲಿ, ಮೊಟ್ಟೆಯ ಹೆಸರನ್ನೂ ನಮ್ಮವ್ವ ಒಳಗೆ ಎತ್ತಲು ಬಿಡುತ್ತಿರಲಿಲ್ಲ. ಬಳ್ಳಾರಿಗೆ ಕೆಲಸ ಹುಡುಕಿಕೊಂಡು ಬಂದವನು ಕೌಲ್ ಬಜಾರಿನಲ್ಲಿ ಬ್ರೆಡ್ಡಿನ ವಾಸನೆ ಹಿಡಿದು ಒಂದು ಬೇಕರಿಯ ಬಾಗಿಲಿಗೆ ಹೋಗಿ ನಿಂತೆ. ಬೇಕರಿ ಅಂದರೆ ಬ್ರೆಡ್ಡು, ಬಿಸ್ಕತ್ತು ಎಂದಷ್ಟೇ ನನಗೆ ಗೊತ್ತಿತ್ತು. ಭಟ್ಟಿಯ ಮುಂದೆ ಬನಿಯನ್ ಹಾಕಿಕೊಂಡು ಕೂತಿದ್ದವರು ಉಸ್ತಾದ್. ಇಡೀ ಬಜಾರು ಅವರನ್ನು ಹಾಗೆಯೇ ಕರೆಯುತ್ತಿತ್ತು. ಅವರು ನನ್ನ ಕೈ ಹಿಡಿದು ಅಂಗೈ ಒತ್ತಿ ನೋಡಿದರು.

"ಕೈ ತಣ್ಣಗೈತಿ. ಹಿಟ್ಟಿಗೆ ಇಂಥ ಕೈ ಬೇಕು. ನಾಳಿಂದ ಬಾ ಬೇಟಾ."

ಮರುವಾರ ಶುಕ್ರವಾರ ಭಟ್ಟಿಯಿಂದ ಹೊರಗೆ ಬಂದದ್ದು ಮೀನಿನ ಪೈ. ಹಿಟ್ಟಿನ ತಳ, ಹಿಟ್ಟಿನ ಮುಚ್ಚಳ, ನಡುವೆ ಬಿಳಿ ಗಟ್ಟಿ ಸಾರಿನಲ್ಲಿ ಮೀನಿನ ತುಂಡು. ನಮ್ಮ ಬಜಾರಿನಲ್ಲಿ ಅದಕ್ಕೆ ಪೈ ಎಂದವರು ಕಡಿಮೆ. "ಮುಚ್ಚಳದ ಮೀನು ಐತೇನ್ರಿ?" ಎಂದೇ ಕೇಳುವರು. ನಾನು ಮೂಗು ಮುಚ್ಚಿಕೊಂಡು ಹೊರಗೆ ಓಡಿದೆ. ಉಸ್ತಾದರು ಬೈಯಲಿಲ್ಲ. ಸಂಜೆ ಕರೆದು, "ತಿನ್ನಬ್ಯಾಡ. ಬೇಯ್ಸೋದು ಕಲಿ. ದರ್ಜಿ ಸೀರಿ ಕುಪ್ಪಸ ಹೊಲೀತಾನ, ತಾನೇನ್ ತೊಟ್ಕೊಂತಾನೇನು?" ಎಂದರು.

ಆ ವಾರ ಊರಿಗೆ ಹೋದಾಗ ನಮ್ಮವ್ವ ಹೊಸ್ತಿಲಲ್ಲೇ ತಡೆದಳು. "ಏನ್ಲೇ ಬಸ್ಯಾ, ಬಳ್ಳಾರಿಗೆ ಹೋಗಿದ್ಯೋ ಹೊಳ್ಯಾಗ ಬಿದ್ದಿದ್ಯೋ? ಮೊದ್ಲ ಮೈ ತೊಳ್ಕ, ಆಮ್ಯಾಲ ಒಳಗ ಬಾ." ಅಲ್ಲಿಂದ ನಿವೃತ್ತಿಯಾಗುವವರೆಗೂ ನಾನು ಮೈ ತೊಳೆಯದೆ ಆ ಹೊಸ್ತಿಲು ದಾಟಲಿಲ್ಲ. ಮೀನೂ ತಿನ್ನಲಿಲ್ಲ. ಮೀನಿನ ಪೈ ಬೇಯಿಸುವುದನ್ನೂ ಬಿಡಲಿಲ್ಲ.

ಮೊದಲು ನಾನು ಕೆಡಿಸಿದ್ದನ್ನು ಹೇಳುತ್ತೇನೆ. ನನ್ನ ಕೈಯ ಮೊದಲ ಪೈಗೆ ಮುಚ್ಚಳವನ್ನು ಎಷ್ಟು ಅಚ್ಚುಕಟ್ಟಾಗಿ ಮೆತ್ತಿದ್ದೆನೆಂದರೆ ಎಲ್ಲಿಯೂ ಒಂದು ಸಂದಿಲ್ಲ. ನನಗೇ ನೋಡಿ ಹೆಮ್ಮೆ. ಭಟ್ಟಿಯೊಳಗೆ ಹೋದ ಸ್ವಲ್ಪ ಹೊತ್ತಿಗೆ ಢಬ್ ಎಂದು ಸಿಡಿದು, ಮೀನಿನ ತುಂಡು ಭಟ್ಟಿಯ ಒಳಗೋಡೆಗೆಲ್ಲ ಅಂಟಿತು. ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅರೆ ಬಸಣ್ಣ, ಪೈಗೆ ಮೂಗು ಇಡೋದು ಮರ್ತೆಲ್ಲೋ! ಉಸಿರಾಡಾಕ ಜಾಗ ಇಲ್ಲಂದ್ರ ಯಾರಿದ್ರೂ ಸಿಡೀತಾರ."

ಮುಚ್ಚಳದ ನಡುವೆ ಉಗಿ ಹೋಗಲು ಬಿಡುವ ಸೀಳಿಗೆ ನಾವು ಮೂಗು ಎನ್ನುತ್ತಿದ್ದೆವು. ನಾನು ಪೈ ಬೆಂದದ್ದನ್ನು ತಿಳಿದದ್ದು ಆ ಮೂಗಿನಿಂದಲೇ. ಒಳಗಿನ ಸಾರು ಮೊದಲು ಅವಸರದಿಂದ ಕೊತಕೊತ ಎನ್ನುತ್ತದೆ. ಬೆಂದಂತೆ ನಿಧಾನವಾಗಿ, ದೊಡ್ಡದಾಗಿ ಬುಳುಕ್ ಎನ್ನುತ್ತದೆ. ವಾಸನೆಯೂ ತಿರುಗುತ್ತದೆ. ಮೊದಲು ಹೊಳೆಯ ಕೆಸರು, ಆಮೇಲೆ ಸುಟ್ಟ ಮೆಕ್ಕೆಜೋಳದ ತೆನೆ. ಆ ತಿರುವು ಬರುವ ಗಳಿಗೆಗೆ ಕಾಯುವುದಿದೆಯಲ್ಲ, ಅದರಂಥ ಸಂಭ್ರಮ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಪೈಯಲ್ಲಿ ನಮ್ಮಲ್ಲಿ ಹಲವು ಬಗೆ ಇದ್ದವು. ಕಂಟೋನ್ಮೆಂಟಿನ ಹಳೆಯ ಕ್ರೈಸ್ತ ಮನೆಗಳಿಗೆ ಬೇಕಾದದ್ದು ಹಾಲು ಬೆಣ್ಣೆ ಹಾಕಿದ ಬಿಳಿ ಸಾರು, ಮೇಲೆ ಹಿಟ್ಟಿನ ಮುಚ್ಚಳದ ಬದಲು ಮೆತ್ತಗೆ ಹಿಸುಕಿದ ಆಲೂಗಡ್ಡೆ. ಆ ಹಾಲನ್ನು ಅವರೇ ತಂದುಕೊಡುವರು. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಒಣ ಸಿಗಡಿ ಹುರಿದು, ಈರುಳ್ಳಿ ಕೂಡಿಸಿ, ಕರ್ಜಿಕಾಯಿಯಂತೆ ಮಡಚಿದ ಸಣ್ಣ ಪೈಗಳು. ಹೊಳೆಯ ಕಡೆಯವರು ಮೈದಾ ಬೇಡವೆಂದರೆ ಜೋಳದ ಹಿಟ್ಟಿನ ಮುಚ್ಚಳ. ಅದು ಸೀಳಿ ಸೀಳಿ ಬಿಡುತ್ತದೆ, ಮೂಗು ಬೇರೆ ಕೊಡಬೇಕಾಗಿಲ್ಲ.

ಆದರೆ ಬಜಾರಿನ ಜನಕ್ಕೆ ಮಾರುತ್ತಿದ್ದುದು ಉಸ್ತಾದರದೇ ಬಗೆ. ಅವರು ಹೇಳಿ ನಾನು ಕೇಳಿದ್ದು ಇದು. ಅವರು ಈ ವಿದ್ಯೆ ಕಲಿತದ್ದು ಕಂಟೋನ್ಮೆಂಟಿನ ಒಬ್ಬ ಅಡುಗೆಯವನಿಂದ. ಅವನು ಕಲಿಸಿದಂತೆ ಹಾಲು ಹಾಕಿ ಮೊದಲ ದಿನ ಪೈ ಮಾಡಿ ಬಜಾರಿನಲ್ಲಿಟ್ಟರೆ ಒಂದೂ ಖರ್ಚಾಗಲಿಲ್ಲ. ಹಿಂದೂ, ಮುಸ್ಲಿಂ ಯಾರೂ ಮುಟ್ಟಲಿಲ್ಲ. ನಮ್ಮ ಕಡೆ ಮೀನು ತಿಂದ ದಿನ ಹಾಲು ಕುಡಿಯುವುದಿಲ್ಲ. ಮೈಮೇಲೆ ಬಿಳಿ ಮಚ್ಚೆ ಏಳುತ್ತದೆ, ಹೊಟ್ಟೆಯಲ್ಲಿ ವಿಷವಾಗುತ್ತದೆ ಎಂಬ ನಂಬಿಕೆ. ಉಸ್ತಾದರು ವಾದಕ್ಕೆ ಹೋಗಲಿಲ್ಲ. ಹಾಲು ಬಿಟ್ಟು, ಸಿರುಗುಪ್ಪದ ಅಕ್ಕಿ ನುಚ್ಚನ್ನು ಮೀನಿನ ತಲೆ ಬೇಯಿಸಿದ ನೀರಿನಲ್ಲಿ ಗಂಜಿ ಮಾಡಿ, ಬಟ್ಟೆಯಲ್ಲಿ ಹಿಂಡಿ ಸೋಸಿದರು. ಹಾಲಿನಷ್ಟೇ ಬೆಳ್ಳಗೆ, ಹಾಲಿಗಿಂತ ನುಣ್ಣಗೆ! ಹಸಿ ಮೆಣಸಿನಕಾಯಿ, ಕೊತ್ತಂಬರಿ, ಮೆಣಸು. ಗಂಜಿ ಪೈಗೆ ಗುರುತೆಂದು ಮುಚ್ಚಳದ ಮೇಲೆ ಚಾಕುವಿನಿಂದ ಭತ್ತದ ತೆನೆ ಕೆತ್ತುವುದು.

ಇದನ್ನು ಒಪ್ಪದವರು ಒಬ್ಬರೇ, ರೋಸಲಿನ್ ಟೀಚರ್. ಶಾಲೆಯಿಂದ ನಿವೃತ್ತರಾಗಿ ಕಂಟೋನ್ಮೆಂಟಿನಲ್ಲಿ ಬೆಕ್ಕಿನೊಂದಿಗೆ ಇದ್ದವರು. "ಹಾಲಿಲ್ದ ಪೈ ಅಂದ್ರ ಅದು ಮೀನಿನ ಗಂಜಿ. ನೀವು ಬಳ್ಳಾರಿ ಮಂದಿ ಎಲ್ಲಾನೂ ಗಂಜಿ ಮಾಡ್ತೀರಿ" ಎಂದು ಬೈಯುತ್ತಲೇ ಉಪವಾಸದ ಶುಕ್ರವಾರಗಳಲ್ಲಿ ತಮ್ಮ ಹಾಲನ್ನು ತಾವೇ ಕ್ಯಾನಿನಲ್ಲಿ ತಂದುಕೊಟ್ಟು ಪೈ ಮಾಡಿಸಿಕೊಳ್ಳುತ್ತಿದ್ದರು.

ಈಗ ಸಾಕ್ಷಿ ಪೈಯ ವಿಷಯ. ಇದನ್ನು ಹೊಸಬರು ಗಮನವಿಟ್ಟು ಓದಬೇಕು. ಮುಚ್ಚಳದ ಪೈ ಬೆಂದಿದೆಯೇ, ಉಪ್ಪು ಸರಿ ಇದೆಯೇ ಎಂದು ಒಡೆದು ನೋಡುವಂತಿಲ್ಲ. ಒಡೆದರೆ ಮಾರುವಂತಿಲ್ಲ. ನನಗಂತೂ ರುಚಿ ನೋಡುವ ದಾರಿಯೇ ಇರಲಿಲ್ಲ. ಉಸ್ತಾದರು ಹೇಳಿದರು: "ನಿನಗ ಇದಕ್ಕ ನಾಲಿಗಿ ಇಲ್ಲ. ಬ್ಯಾರೇರ ನಾಲಿಗಿ ಬಾಡಿಗಿ ತಗೋ." ಪೈಗಳಿಗೆಲ್ಲ ತುಂಬಿದ ಮೇಲೆ ಪಾತ್ರೆಯ ತಳ ಬಳಿದು, ಹೆಚ್ಚಾದ ಹಿಟ್ಟಿನ ಚೂರುಗಳನ್ನು ಕೂಡಿಸಿ, ಸಾಸರಿನಷ್ಟು ಅಗಲದ ಒಂದು ಸಣ್ಣ ಪೈ ಮಾಡುವುದು. ಅದೇ ಭಟ್ಟಿಯಲ್ಲಿ ಇತರ ಪೈಗಳ ನಡುವೆ ಬೇಯಿಸಿ, ಅದನ್ನು ಮೊದಲು ಹೊರಗೆ ತೆಗೆದು ಭಟ್ಟಿಯ ಬಾಯಲ್ಲೇ ಒಡೆಯುವುದು. ಮೊದಲ ತುತ್ತು ಮೀನು ತಂದವರೇ ತಿನ್ನಬೇಕು. ಆಮೇಲೆ ಅಲ್ಲಿದ್ದವರು ಯಾರಾದರೂ. ಅವರು ತಲೆದೂಗಿದರೆ ಉಳಿದವು ಹೊರಗೆ ಬರುತ್ತವೆ. ತಂದವರು ತಿನ್ನಲು ಅನುಮಾನಿಸಿದರೆ ಆ ಮೀನಿನ ಒಂದು ಪೈಯೂ ಮಾರಾಟಕ್ಕೆ ಹೋಗುವುದಿಲ್ಲ. ಉಸ್ತಾದರು ತೀರಿಹೋದ ಮೇಲೆ ನಾನೇ ಮಿಸ್ತ್ರಿ, ಅಂದರೆ ಭಟ್ಟಿಯ ಮುಖ್ಯ ಕೆಲಸಗಾರನಾದೆ. ಬೇಕರಿಯ ಮಾಲೀಕರು ಕಟ್ಟಿಗೆಯ ಭಟ್ಟಿ ಒಡೆಸಿ ಗಾಜಿನ ಬಾಗಿಲಿನ ಕರೆಂಟಿನ ಒಲೆ ತಂದರು. ಗಾಜಿನಿಂದ ಮುಚ್ಚಳ ಕಾಣುತ್ತದೆ, ಒಳಗೇನಿದೆ ಕಾಣುವುದಿಲ್ಲ. ನಾನು ಸಾಕ್ಷಿ ಪೈ ಬಿಡಲಿಲ್ಲ.

ಆ ಮೊದಲ ತುತ್ತನ್ನು ಹೆಚ್ಚು ಸಲ ತಿಂದವಳು ಹುಲಿಗೆಮ್ಮ. ನಾವು ಪೈ ಮಾಡುವ ದಿನ ಹೊಳೆಯ ದಂಡೆಯ ರಾರಾವಿಯಿಂದ ಮೊದಲ ಬಸ್ಸಿಗೆ ಬಳ್ಳಾರಿಗೆ ಬರುವಳು. ಕೊರಮೀನನ್ನು ನೀರಿನ ಕೊಡದಲ್ಲಿ ಜೀವಂತ ತರುವಳು. ಕಂಡಕ್ಟರುಗಳ ಜೊತೆ ಪ್ರತಿ ಸಲ ಜಗಳ. "ಟಿಕೇಟು ನನಗೊಂದ ಕೊಡು. ಮೀನಿಗೆ ಯಾಕ? ಅವು ಕೂತಾವೇನು?" ಉಳಿದ ದಿನ ಸಿರುಗುಪ್ಪದ ಸಂತೆಯಲ್ಲಿ ಬೇವಿನ ಮರದ ಕೆಳಗೆ ಅವಳ ಬುಟ್ಟಿ. ಆ ಜಾಗ ಅವಳ ಅತ್ತೆಯ ಕಾಲದ್ದು. ಅವಳ ಮನೆ ನಡೆಯುತ್ತಿದ್ದುದು ಆ ಮರದ ನೆರಳಿನಿಂದ.

ಇನ್ನು ಆ ಭಾನುವಾರಕ್ಕೆ ಬರುತ್ತೇನೆ.

ಸಿರುಗುಪ್ಪದ ಗಿರಣಿ ಸಾವಕಾರ ಹನುಮಂತಪ್ಪನವರ ಮಗಳು ಸುಜಾತ ಬಳ್ಳಾರಿಯಲ್ಲಿ ಓದುವಾಗ ನಮ್ಮ ಅಂಗಡಿಯ ಪೈ ತಿಂದಿದ್ದಳು. ತನ್ನ ನಿಶ್ಚಿತಾರ್ಥದ ಊಟಕ್ಕೆ ಅದೇ ಬೇಕೆಂದು ಹಟ ಹಿಡಿದಳಂತೆ. ಹನುಮಂತಪ್ಪನವರೇ ಬಂದು ಹೇಳಿಹೋದರು. ನುಚ್ಚನ್ನು ತಮ್ಮ ಗಿರಣಿಯಿಂದಲೇ ಕಳಿಸಿಕೊಟ್ಟರು. ಅಷ್ಟು ದೊಡ್ಡ ಆರ್ಡರು ನಮ್ಮ ಅಂಗಡಿಗೆ ಹಿಂದೆ ಬಂದಿರಲಿಲ್ಲ. ಟ್ರೇ ಸಾಲದೆ ಅಕ್ಕಪಕ್ಕದ ಬೇಕರಿಗಳಿಂದ ಕಡ ತಂದೆವು. ಹುಲಿಗೆಮ್ಮ ತನ್ನ ಅಣ್ಣತಮ್ಮಂದಿರನ್ನೆಲ್ಲ ಹೊಳೆಗೆ ಇಳಿಸಿ ಕೊಡಗಟ್ಟಲೆ ಮೀನು ತಂದಳು. ಪ್ರತಿ ಮುಚ್ಚಳದ ಮೇಲೂ ನಾನೇ ತೆನೆ ಕೆತ್ತಿದೆ. ಒಂದೊಂದು ತೆನೆಯೂ ಗಾಳಿಗೆ ಬಾಗಿದ ಹಾಗೆ!

ಬೆಳಿಗ್ಗೆ ಸಾಕ್ಷಿ ಪೈ ಹೊರಗೆ ಬಂತು. ಹುಲಿಗೆಮ್ಮ ಮೊದಲು ತಿಂದಳು. ಆಮೇಲೆ ಖಾಜಾ. ಚರ್ಚಿಗೆ ಹೊರಟಿದ್ದ ರೋಸಲಿನ್ ಟೀಚರ್ ಬ್ರೆಡ್ಡಿಗೆಂದು ಬಂದವರು, ಬೇಡ ಬೇಡ ಎನ್ನುತ್ತಲೇ ಉಳಿದದ್ದನ್ನು ಮುಗಿಸಿದರು. ಟೆಂಪೊ ತುಂಬಿದೆವು. ಹುಲಿಗೆಮ್ಮ, "ಸಿರುಗುಪ್ಪಿ ತನಕ ನಾನೂ ಬರ್ತೀನಿ, ಬಸ್ಸಿನ ಜಗಳ ತಪ್ಪತೈತಿ" ಎಂದು ಹತ್ತಿದಳು. ಮನೆಗೆಂದು ಎರಡು ಕೊರಮೀನು ಕೊಡದಲ್ಲಿ ಉಳಿಸಿಕೊಂಡಿದ್ದಳು.

ಮೊದಲ ಪಂಕ್ತಿ ಉಂಡಿತು. ಪೈ ಎಷ್ಟು ಗೆದ್ದಿತೆಂದರೆ, ಮುಚ್ಚಳ ಮುರಿದಾಗ ಏಳುವ ಘಮಕ್ಕೆ ಮಕ್ಕಳು ಕೂಗುತ್ತಿದ್ದರು, ಗಂಡಿನ ಕಡೆಯವರು ಎರಡನೆಯ ಸಲ ಕೇಳುತ್ತಿದ್ದರು. ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಗಂಡಿನ ಕಡೆಯ ಯುವಕನೊಬ್ಬ ಮೊಬೈಲು ತೆಗೆದು, ಇದನ್ನು ಮಾಡುವ ವಿಡಿಯೋ ಹುಡುಕಿ ಪಕ್ಕದವರಿಗೆ ತೋರಿಸಿದ. "ನೋಡ್ರಿ, ಹಾಲು ಹಾಕಿ ಮಾಡ್ತಾರ. ಅದಕ್ಕ ಇಷ್ಟು ಬೆಳ್ಳಗೈತಿ." ಇದನ್ನು ನಾನೇ ಕೇಳಿದೆ. ಅವನ ಹಿಂದೆ ಕುರ್ಚಿಯಲ್ಲಿ ಕೂತಿದ್ದವರು ಹನುಮಂತಪ್ಪನವರ ತಾಯಿ ತಾಯಮ್ಮ. ಆಂಧ್ರದ ಕಡೆಯಿಂದ ಸೊಸೆಯಾಗಿ ಬಂದು ಆ ಮನೆಯನ್ನು ಕಟ್ಟಿದ ಹಿರಿಯ ಜೀವ. ಅವರು ಕುರ್ಚಿಯಿಂದ ಎದ್ದು ಕೂಗಿದ ಕೂಗು ಗಿರಣಿಯ ತಗಡಿಗೆ ಬಡಿಯಿತು.

"ಅಯ್ಯೋ ದೇವುಡಾ! ಚೇಪಲ್ಲೋ ಪಾಲು ಪೋಸಿನಾರಂಟ! ಮೀನದಾಗ ಹಾಲು ಹಾಕ್ಯಾರಂತ್ರೋ!"

ಯಾವ ಭಾಷೆಯಲ್ಲಿ ಕೇಳಿದರೂ ಎಲ್ಲರಿಗೂ ಅರ್ಥವಾಯಿತು. ತಾಯಮ್ಮ ಒಳಗೆ ಓಡಿ, ಹುಣಸೆ ಹುಳಿಗೆ ಉಪ್ಪು ಕದಡಿದ ನೀರನ್ನು ಬಕೆಟ್ಟಿನಲ್ಲಿ ತರಿಸಿದರು. "ಕುಡೀರಿ, ಕಕ್ಕಿಬಿಡ್ರಿ, ವಿಷ ಏರೋದ್ರಾಗ ಕಕ್ಕಿಬಿಡ್ರಿ!" ಗಂಡಿನ ಸೋದರಮಾವ ನಾಗರಾಜ, ಬೀಜ ಗೊಬ್ಬರದ ಅಂಗಡಿಯವರು, ಮೊದಲ ಲೋಟ ಕುಡಿದು ಚೀಲಗಳ ಹಿಂದೆ ಹೋದರು. ಅವರ ಸದ್ದು ಕೇಳಿ ಇನ್ನೊಬ್ಬರು. ಅವರನ್ನು ನೋಡಿ ಮತ್ತಿಬ್ಬರು. ಕೆಲವರಿಗೆ ಲೋಟವೂ ಬೇಕಾಗಲಿಲ್ಲ.

ನಾನು ಕಾಟಾಕ್ಕೆ ಬೆನ್ನು ಕೊಟ್ಟು ನಿಂತದ್ದು ಆಗ.

ಖಾಜಾ ಮೆಲ್ಲಗೆ ಕೇಳಿದ: "ಬಸಣ್ಣ, ಮುಂಜಾನಿ ಟೀಚರ್ ಕೈಯಾಗ ಹಾಲಿನ ಕ್ಯಾನ್ ಇತ್ತಲ್ಲ?"

ಹೌದು, ಇತ್ತು. ಕಣ್ಣು ಮುಚ್ಚಿ ಒಂದೊಂದೇ ನೆನಪು ಮಾಡಿಕೊಂಡೆ. ಟೀಚರ್ ಬಂದಾಗ ಪೈಗಳೆಲ್ಲ ಒಲೆಯಲ್ಲಿದ್ದವು. ಕ್ಯಾನು ಹೊರಗಿನ ಬೆಂಚಿನ ಮೇಲಿತ್ತು, ಒಳಗೆ ಬರಲಿಲ್ಲ. ಹೋಗುವಾಗ ಅವರೇ ಎತ್ತಿಕೊಂಡರು. ಇದು ನನಗೆ ಗೊತ್ತು. ಆದರೆ ನನಗೆ ಗೊತ್ತಿದ್ದರೆ ಯಾರಿಗೆ ಸಾಕು?

ಅಷ್ಟರಲ್ಲಿ ಮಾತು ತಿರುಗಿತ್ತು. ವಾಂತಿ ಕಂಡವರು ಹಾಲನ್ನು ಬಿಟ್ಟು ಮೀನಿಗೆ ಬಂದರು. ನಾಗರಾಜ ಮುಖ ಒರೆಸಿಕೊಂಡು ಬಂದು, ನೇರ ಹುಲಿಗೆಮ್ಮನ ಮುಂದೆ ನಿಂತರು.

"ಈಕಿನಾ ಮೀನ ತಂದಾಕಿ? ಕೊಳೆತ ಮೀನ ಕೊಟ್ಟು ಶುಭಕಾರ್ಯ ಹಾಳ ಮಾಡೀಯಲ್ಲಬೇ! ನಾಳಿಂದ ಸಂತಿಯಾಗ ನಿನ್ನ ಬುಟ್ಟಿ ಹ್ಯಾಂಗ ಇಳಿಸ್ತಿ ನೋಡ್ತೀನಿ. ಊರಿಗೆಲ್ಲ ಹೇಳ್ತೀನಿ."

ಹುಲಿಗೆಮ್ಮ ಕೊಡವನ್ನು ಕಂಕುಳಿಗೆ ಒತ್ತಿ ಹಿಡಿದಳು. "ಯಪ್ಪಾ, ಜೀವಂತ ತಂದೀನ್ರಿ. ನಾನ ಮೊದ್ಲ ತಿಂದೀನಿ."

"ನೀ ತಿಂದ್ರ ಯಾರ್ ನೋಡ್ಯಾರ?"

"ನಾನು ನೋಡೀನ್ರಿ" ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ.

"ನೀನಾ? ಕುರುಗೋಡಿನ ಅಯ್ಯ, ಮೀನ ತಿನ್ನದಾವ ಅಂತ ಹನುಮಂತಪ್ಪನವ್ರು ಹೇಳ್ಯಾರ. ಅಷ್ಟು ಚಂದ ಐತಿ ಅಂದ್ರ ನೀನ ಈಗ ತಿಂದು ತೋರಿಸು!"

ಎಲೆಯ ಮೇಲೆ ಅರ್ಧ ಪೈ ಇತ್ತು. ನಾನು ಕೈ ಚಾಚಿದೆ. ನಿಜವಾಗಿ ಚಾಚಿದೆ. ನಮ್ಮವ್ವನ ಹೊಸ್ತಿಲು ಕಣ್ಣ ಮುಂದೆ ಬಂದರೂ ಚಾಚಿದೆ. ಹುಲಿಗೆಮ್ಮ ನನ್ನ ಮಣಿಕಟ್ಟು ಹಿಡಿದಳು.

"ಬಿಡ್ರಿ ಬಸಣ್ಣ. ನೀವ್ ತಿಂದ್ರ ನಿಮಗೇನ್ ಗೊತ್ತಾಗತೈತಿ? ಒಳ್ಳೇದೂ ಒಂದ, ಕೆಟ್ಟದ್ದೂ ಒಂದ. ವಾಂತಿ ನಿಮಗ ಹ್ಯಾಂಗಿದ್ರೂ ಬರತೈತಿ. ಆಮ್ಯಾಲ ಅದೂ ನನ್ನ ಮೀನದ ಮ್ಯಾಲ ಬರತೈತಿ!"

ಯಾರೋ ನಕ್ಕರು. ಆ ನಗೆಯಿಂದ ನನಗೆ ಉಸಿರು ಬಂತು. ನನಗೆ ಗೊತ್ತಿದ್ದ ಕೆಲಸ ಒಂದೇ, ನಿಧಾನವಾಗಿ ವಿಚಾರಿಸುವುದು. ವಾಂತಿ ಮಾಡಿಕೊಂಡವರ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಒಂದೇ ಪ್ರಶ್ನೆ ಕೇಳಿದೆ: "ಹೊಟ್ಟಿ ತೊಳಸಿದ್ದು ಹುಣಸಿ ನೀರು ಕುಡಿಯೋಕಿಂತ ಮೊದ್ಲೋ, ಆಮ್ಯಾಲೋ?"

"ಆಮ್ಯಾಲ."

"ಆಮ್ಯಾಲ್ರಿ."

"ನಾನು ನೀರ ಕುಡೀಲಿಲ್ಲಪ್ಪ. ಅವ್ರ ಸದ್ದು ಕೇಳಿ ಬಂತು."

ಮೊದಲ ಪಂಕ್ತಿಯವರು ಉಂಡು ಬಹಳ ಹೊತ್ತಾಗಿತ್ತು. ಅವರಲ್ಲಿ ಹಾಲಿನ ಕೂಗು ಏಳುವ ಮೊದಲು ಒಬ್ಬರಿಗೂ ಏನೂ ಆಗಿರಲಿಲ್ಲ. ನಾನು ಅಂಗಳದ ನಡುವೆ ನಿಂತು ಇದನ್ನೇ ಹೇಳಿದೆ. ಆಮೇಲೆ ರೋಸಲಿನ್ ಟೀಚರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ.

"ಟೀಚರ್, ಮುಂಜಾನಿ ಸಾಕ್ಷಿ ಪೈ ತಿಂದ್ರೆಲ್ಲ, ಹ್ಯಾಂಗ ಅದೀರಿ?"

"ನನಗೇನಾಗೇತಿ? ಆರಾಮ ಅದೀನಿ. ಯಾಕ?"

"ಅದರಾಗ ಹಾಲು ಇತ್ತೇನ್ರಿ?"

"ಹಾಲಾ! ಹಾಲು ಹಾಕೋ ಭಾಗ್ಯ ನಿನಗೆಲ್ಲೈತಿ? ಎಷ್ಟು ವರ್ಷದಿಂದ ಬಡ್ಕೊಂಡೆ! ಅದೇ ಗಂಜಿ, ಅದೇ ನುಚ್ಚು. ಒಂದು ಹನಿ ಹಾಲು ಹಾಕಿದ್ರ ಅದು ಪೈ ಆಗ್ತಿತ್ತು. ಹನುಮಂತಪ್ಪನ ಮನಿಯಾಗ ಮರ್ಯಾದಿ ಉಳೀತಿತ್ತು!"

ಶಾಮಿಯಾನದ ಕೆಳಗೆ ನಗೆ ಎದ್ದಿತು. ತಾಯಮ್ಮ ಮಾತ್ರ ನಗಲಿಲ್ಲ. "ಅವ್ರು ನಿಮ್ಮ ಕಡೇವ್ರು ನಾಯನಾ. ನನ್ನ ಕಣ್ಣಿಗೆ ಕಾಣಬೇಕು" ಎಂದರು.

ಹುಲಿಗೆಮ್ಮ ಕೊಡವನ್ನು ಕಣದ ನಡುವೆ ಇಟ್ಟಳು. ಒಳಗೆ ಎರಡು ಕೊರಮೀನು ನೀರನ್ನು ಚಟಚಟ ಬಡಿಯುತ್ತಿದ್ದವು. "ಕಾಣ್ಸೋಣ ಬರ್ರಿ ಅವ್ವಾ. ನುಚ್ಚಿಗೆ ನಿಮ್ಮ ಮನಿಯಾಗ ಬಡತನ ಐತೇನು?"

ಮುಂದಿನ ಒಂದು ಗಂಟೆಯಷ್ಟು ಹುರುಪು ನನ್ನ ಇಡೀ ಕಸುಬಿನಲ್ಲಿ ಬಂದಿಲ್ಲ! ಸುಜಾತ ನಿಶ್ಚಿತಾರ್ಥದ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಗಿರಣಿಯೊಳಗಿಂದ ಮೊರದ ತುಂಬ ನುಚ್ಚು ತಂದಳು. ಹುಲಿಗೆಮ್ಮ ಎಲ್ಲರ ಕಣ್ಣ ಮುಂದೆ ಮೀನು ಸೀಳಿದಳು. ಖಾಜಾ ಭತ್ತದ ಹೊಟ್ಟಿನ ರಾಶಿಗೆ ಬೆಂಕಿ ಕೊಟ್ಟು ಕೆಂಡ ಮಾಡಿದ. ನಾನು ಮೈದಾ ನಾದಿದೆ. ಕೈ ಆಗಲೂ ತಣ್ಣಗೇ ಇತ್ತು, ಹೆದರಿಕೆಗೋ ಹುಟ್ಟಿನಿಂದಲೋ. ಸುತ್ತ ಜನ ಮುತ್ತಿದರು. ಮಕ್ಕಳು ಕಾಟಾದ ಮೇಲೆ ಹತ್ತಿದರು.

ಗಂಜಿ ಕುದಿಯಿತು. ಬಟ್ಟೆಯಲ್ಲಿ ಹಾಕಿ ಹಿಂಡಿದೆ. ಬೆರಳ ಸಂದಿಯಿಂದ ಬೆಳ್ಳಗೆ ಇಳಿಯಿತು. ಹಾಲೇ ಎನ್ನಬೇಕು, ಅಷ್ಟು ಬಿಳಿ. "ಅಬ್ಬಾ!" ಎಂದರು ಯಾರೋ. ತಾಯಮ್ಮ ಬಗ್ಗಿ ಬೆರಳು ಅದ್ದಿ ನೆಕ್ಕಿದರು. ಅವರ ಮುಖ ಬಿಚ್ಚಿಕೊಂಡದ್ದನ್ನು ನಾನು ಎದುರಿಗೆ ಕಂಡೆ.

"ಇದು ಸೋನಾ ಮಸೂರಿ ನುಚ್ಚು! ನನ್ನ ಮಗನ ಗಿರಣಿದು!"

ತಳ ಹಾಸಿ, ತುಂಬಿ, ಮುಚ್ಚಳ ಮೆತ್ತಿ, ಮೂಗು ಸೀಳಿ, ತೆನೆ ಕೆತ್ತಿದೆ. ಹಿತ್ತಾಳೆಯ ಪಾತ್ರೆಯೊಳಗಿಟ್ಟು, ಮೇಲೆ ತಟ್ಟೆ ಮುಚ್ಚಿ, ಕೆಳಗೂ ಮೇಲೂ ಹೊಟ್ಟಿನ ಕೆಂಡ. ಗಾಜಿಲ್ಲ, ಅಂಕಿ ತೋರಿಸುವ ಗುಂಡಿಯಿಲ್ಲ. ನೆಲಕ್ಕೆ ಕಿವಿ ತಗ್ಗಿಸಿ ಕೂತೆ. ಕೊತಕೊತ. ಇನ್ನೂ ಕೊತಕೊತ. ಆಮೇಲೆ ಬುಳುಕ್. ಇನ್ನೊಂದು ಬುಳುಕ್. ಸುಟ್ಟ ತೆನೆಯ ವಾಸನೆ. "ತೆಗೀರಿ!" ಎಂದು ಕೂಗಿದೆ. ಅಷ್ಟು ಜೋರಾಗಿ ನಾನು ಮತ್ತೆಂದೂ ಕೂಗಿಲ್ಲ.

ಮೊದಲ ತುತ್ತು ಪದ್ಧತಿಯಂತೆ ಹುಲಿಗೆಮ್ಮ ತಿಂದಳು. ಎರಡನೆಯದಕ್ಕೆ ಯಾರೂ ಮುಂದೆ ಬರಲಿಲ್ಲ. ನಾಗರಾಜ ನೆಲ ನೋಡುತ್ತಿದ್ದರು. ಹನುಮಂತಪ್ಪ ಒಂದು ಹೆಜ್ಜೆ ಇಟ್ಟರು. ಅವರನ್ನು ಪಕ್ಕಕ್ಕೆ ಸರಿಸಿ ತಾಯಮ್ಮ ಬಂದು ಕುಕ್ಕರುಗಾಲಲ್ಲಿ ಕೂತರು.

"ಕೂಗಿದಾಕಿ ನಾನು. ನಾನ ತಿಂತೀನಿ."

ತಿಂದರು. ಅಗಿದರು. ಎಷ್ಟು ಹೊತ್ತು ಅಗಿದರೆಂದರೆ ಸುಜಾತ ಅಜ್ಜಿಯ ಭುಜ ಹಿಡಿದುಕೊಂಡಳು. ತಾಯಮ್ಮ ನನ್ನ ಕಡೆ ತಿರುಗಿದರು.

"ಉಪ್ಪು ಒಂದ್ ಚೂರು ಕಮ್ಮಿ ಐತಿ ನಾಯನಾ" ಎಂದರು. ಆಮೇಲೆ ಹುಲಿಗೆಮ್ಮನ ಕಡೆ ತಿರುಗಿ, "ನೀನು ತಿಂದಾಗ ಯಾಕ ಹೇಳ್ಲಿಲ್ಲಬೇ?" ಎಂದರು.

"ಆಗ ಉಪ್ಪಿನ ಮ್ಯಾಲ ಲಕ್ಷ್ಯ ಎಲ್ಲಿತ್ರಿ ಅವ್ವಾ!" ಎಂದು ಹುಲಿಗೆಮ್ಮ ನಕ್ಕಳು. ನಗುತ್ತಲೇ ಅತ್ತಳು. ತಾಯಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪೈಯ ಉಳಿದ ಭಾಗವನ್ನು ಇಬ್ಬರೂ ಸೇರಿ ತಿಂದು ಮುಗಿಸಿದರು. ನಾಗರಾಜ ಏನೋ ಹೇಳಲು ಬಾಯಿ ತೆರೆದಾಗ ತಾಯಮ್ಮ ತಲೆಯೆತ್ತದೆ, "ಸಂತಿಯಾಗ ಈಕಿ ಜಾಗ ಬ್ಯಾರೇರು ಮುಟ್ಟಿದ್ರ ನನ್ನ ಗಿರಣಿ ಬಾಗಿಲಿಗೆ ಬರಬ್ಯಾಡ್ರಿ" ಎಂದರು. ಮೂರನೆಯ ಪಂಕ್ತಿ ಕೂತಿತು. ಟ್ರೇಗಳು ಖಾಲಿಯಾದವು. ವಾಂತಿ ಮಾಡಿಕೊಂಡ ಕೆಲವರು ಹೊಟ್ಟೆ ಖಾಲಿಯಾಯಿತೆಂದು ಮತ್ತೆ ಕೂತರು.

ಈ ಕಸುಬಿಗೆ ಬರುವವರಿಗೆ ಇದರಿಂದ ಒಂದು ಮಾತು ಹೇಳುತ್ತೇನೆ. ತಿನ್ನುವವರ ಹೆದರಿಕೆ ಕಂಡು ನಗಬೇಡಿ. ಉಸ್ತಾದರು ಆ ಹೆದರಿಕೆಗೆ ಬಗ್ಗಿಯೇ ಹಾಲಿಗಿಂತ ಒಳ್ಳೆಯದನ್ನು ಕಂಡುಹಿಡಿದರು. ಆದರೆ ನಿಮ್ಮ ಪಾತ್ರೆಯಲ್ಲಿ ಏನಿದೆ ಎಂಬುದನ್ನು ಊಟಕ್ಕೆ ಮುಂಚೆ ಬಾಯಿಬಿಟ್ಟು ಹೇಳಿ. ನಾನು ಅಂದು ಮೊದಲ ಪಂಕ್ತಿಗೆ ಮುಂಚೆ, "ಇದು ನಿಮ್ಮ ಊರ ನುಚ್ಚಿನ ಗಂಜಿ" ಎಂದು ಹೇಳಿದ್ದರೆ ಹುಣಸೆ ಹುಳಿ ಉಳಿಯುತ್ತಿತ್ತು. ಅಲ್ಲಿಂದ ಮುಂದೆ ಒಂದು ಪೈಯನ್ನೂ ನಾನು ಹಾಗೆ ಹೇಳದೆ ಕೊಟ್ಟಿಲ್ಲ.

ನಾನು ಬರೆದದ್ದರಲ್ಲಿ ಅನುಮಾನವಿದ್ದರೆ ಕೇಳಬಹುದಾದವರು ಇದ್ದಾರೆ. ತಾಯಮ್ಮ ಇಲ್ಲ. ಅದಾದ ಮೇಲೆ ಬಹಳ ವರ್ಷ ಬಾಳಿ, ಮೊಮ್ಮಗಳ ಮಕ್ಕಳನ್ನು ಆಡಿಸಿ ಹೋದರು. ಮೀನು ಉಂಡ ದಿನ ಹಾಲು ಕುಡಿಯುವುದನ್ನು ಮಾತ್ರ ಕಡೆಯವರೆಗೂ ಒಪ್ಪಲಿಲ್ಲವಂತೆ. ಹನುಮಂತಪ್ಪನವರಿದ್ದಾರೆ. ಸುಜಾತ ಇದ್ದಾಳೆ. ಹಬ್ಬ ಬಂದರೆ ಫೋನು ಮಾಡಿ ತೆನೆ ಕೆತ್ತುವುದು ಹೇಗೆಂದು ಕೇಳುತ್ತಾಳೆ. ಖಾಜಾ ಕೌಲ್ ಬಜಾರಿನಲ್ಲಿದ್ದಾನೆ, ಅದೇ ಟೆಂಪೊ. ರೋಸಲಿನ್ ಟೀಚರ್ ಇದ್ದಾರೆ. ಕಿವಿ ಮಂದವಾಗಿದೆ, ಆದರೆ ಹಾಲಿನ ವಿಷಯ ಎತ್ತಿದರೆ ಎಲ್ಲವೂ ಕೇಳಿಸುತ್ತದೆ. ನಾಗರಾಜ ಇದ್ದಾರೆ. ಅಂದು ತಾವು ಚೀಲಗಳ ಹಿಂದೆ ಹೋದದ್ದು ಫೋನು ಬಂದದ್ದಕ್ಕೆ ಎನ್ನುತ್ತಾರೆ. ಅವರ ಕೈಯಲ್ಲಿದ್ದದ್ದು ಲೋಟ ಎಂದಷ್ಟೇ ನಾನು ಹೇಳಬಲ್ಲೆ.

ಹುಲಿಗೆಮ್ಮ ಇದ್ದಾಳೆ. ತಲೆ ಪೂರ್ತಿ ಬೆಳ್ಳಗಾಗಿದೆ. ಸಿರುಗುಪ್ಪದ ಸಂತೆಗೆ ಹೋಗಿ ನೋಡಿ. ಬೇವಿನ ಮರದ ಕೆಳಗೆ, ಅದೇ ಜಾಗದಲ್ಲಿ, ಅವಳ ಬುಟ್ಟಿ ಇದೆ.